ಗಾಜು ಏರಿಸಿದ ಕಾರಿನೊಳಗೆ ನನ್ನ ತಮ್ಮ

ನನ್ನ ತಮ್ಮ ಮಂಜಪ್ಪನ ಕಿವಿ ಹಾಳಾಗುತ್ತಿದೆ ಎಂಬುದು ಅವನಿಗಿಂತ ಮೊದಲೇ ನನಗೆ ಗೊತ್ತಾಗಿತ್ತು. ಅವನನ್ನು ಕಾರಿನಿಂದ ಕೆಳಗಿಳಿಸಬೇಕಿತ್ತು, ಇಳಿಸಲಿಲ್ಲ. ಶಿವಮೊಗ್ಗದ ಡಾಕ್ಟರು ಇವನ ಕೆಲಸವೇನು ಎಂದು ಕೇಳಿದಾಗ ನಿಜ ಹೇಳಬೇಕಿತ್ತು, ಹೇಳಲಿಲ್ಲ.

ಶಿಕಾರಿಪುರದಲ್ಲಿ ಕಾರುಗಳಿಗೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್, ದಪ್ಪ ಸದ್ದಿನ ಸಬ್‌ವೂಫರ್ ಕೂರಿಸುತ್ತ ಆಯುಷ್ಯ ಕಳೆದವನು ನಾನು. ಈಗ ಅಂಗಡಿಯನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಸಿಗುತ್ತಾರೆ. ಯಾವ ಆಂಪ್ ತರಿಸಬೇಕು, ಕಡಿಮೆ ದುಡ್ಡಿನ ಗಿರಾಕಿಗೆ ಏನು ಹಾಕಿಕೊಡಬೇಕು, ಬರೆದುಕೊಡಿ ಎನ್ನುತ್ತಾರೆ. ನಾನು ಹೈಸ್ಕೂಲು ಮುಗಿಸದವನು, ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತೇನೆ. ಸಾಮಾನು ಆರಿಸುವುದು ಹೇಗೆಂದು ಹೇಳಬಲ್ಲೆ. ಆದರೆ ಅದಷ್ಟನ್ನೇ ಬರೆದರೆ ನನ್ನ ಕೆಲಸ ಹೇಗಿತ್ತು ಎಂಬುದನ್ನು ಬರೆದಂತಾಗುವುದಿಲ್ಲ.

ಕೆಲಸ ಕಲಿತದ್ದು ಚಂದ್ರಪ್ಪ ಮೇಸ್ತ್ರಿಯವರ ಹತ್ತಿರ. ಅವರದು ರೇಡಿಯೊ ಮತ್ತು ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ. ಕಾರಿಗೆ ಕ್ಯಾಸೆಟ್ ಸ್ಟೀರಿಯೊ ಹಾಕಿಸುವವರು ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲ. ಮೊದಲು ನಾನು ಸೇರಿದೆ, ಆಮೇಲೆ ಮಂಜನನ್ನೂ ಕರೆತಂದೆ. ಮೇಸ್ತ್ರಿ ಬಾಯಿ ಕೆಟ್ಟ ಮನುಷ್ಯ. ಬೆಸುಗೆ ಸರಿಯಾಗದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. ಒಂದು ದಿನವೂ ನಮ್ಮನ್ನು ಹೊಗಳಲಿಲ್ಲ. ಸ್ಟೀರಿಯೊ ಜೋರು ಮಾಡುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಕಾರಿನಲ್ಲಿ ದೊಡ್ಡ ಸ್ಪೀಕರ್ ಕೂರಿಸಿದರೆ ಬಾಗಿಲಿನ ಹಲಗೆ, ಡ್ಯಾಶ್‌ಬೋರ್ಡಿನ ಮೂಲೆ, ಹಿಂದಿನ ನಂಬರ್ ಪ್ಲೇಟು, ಯಾವುದೋ ಒಂದು ಗಿರಗಿರ ಎನ್ನಲು ಶುರುವಾಗುತ್ತದೆ. ಅದನ್ನು ನಾವು ನಡುಕ ಎನ್ನುತ್ತಿದ್ದೆವು. ಅದು ಎಲ್ಲಿಂದ ಬರುತ್ತದೆಂದು ಹುಡುಕಿ ರಬ್ಬರ್ ಶೀಟು ಅಂಟಿಸಿ ಸುಮ್ಮನಾಗಿಸುವುದೇ ನಡುಕ ಹಿಡಿಯುವುದು. ಮೇಸ್ತ್ರಿ ಸದ್ದನ್ನು ಸಣ್ಣಗಿಟ್ಟು, ಬಾಗಿಲುಗಳನ್ನು ತೆರೆದು, ಗೆಣ್ಣಿನಿಂದ ಹಲಗೆ ತಟ್ಟುತ್ತ ಗಂಟೆಗಟ್ಟಲೆ ಹುಡುಕುತ್ತಿದ್ದರು. ಜೋರಾಗಿ ಹಾಕಿ ಒಳಗೆ ಕೂತರೆ ಬೇಗ ಸಿಗುತ್ತದಲ್ಲ ಎಂದು ನಾನೊಮ್ಮೆ ಕೇಳಿದೆ.

"ಬೇಗ ಸಿಗ್ತದೆ," ಎಂದರು. "ಕೂತೋನ ಕಿವೀನೂ ಬೇಗ ಹೋಗ್ತದೆ. ನನ್ನ ಅಂಗಡೀಲಿ ಆ ಕಳ್ಳಗೆಲಸ ಮಾಡಂಗಿಲ್ಲ."

ಆ ಮಾತನ್ನು ಕೇಳಿಸಿಕೊಂಡಾಗ ನಾನು ಮೇಸ್ತ್ರಿಯ ಪಕ್ಕದಲ್ಲಿ ನಿಂತಿದ್ದೆ. ಯಾರೂ ಹೇಳಿಕೊಡಲಿಲ್ಲ ಎಂದು ನೆಪ ಹೇಳುವ ದಾರಿ ನನಗಿಲ್ಲ.

ಮೇಸ್ತ್ರಿ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ನಾವಿಬ್ಬರೂ ಸ್ವಂತ ಅಂಗಡಿ ಹಾಕಿದೆವು. ಬೋರ್ಡಿನಲ್ಲಿ ಇಬ್ಬರ ಹೆಸರೂ ಇತ್ತು. ಗಲ್ಲಾದಲ್ಲಿ ನಾನು ಕೂರುತ್ತಿದ್ದೆ. ವೈರು ಎಳೆಯುವುದು, ಸ್ಪೀಕರಿನ ಡಬ್ಬ ಕೂರಿಸುವುದು, ಸದ್ದು ಹದ ಮಾಡುವುದು ಮಂಜನ ಪಾಲು. ಅವನ ಕಿವಿ ಹಾಗಿತ್ತು. ಎದುರಿನ ಗ್ಯಾರೇಜಿನವರು ಎಂಜಿನ್ನಿನ ಸದ್ದು ಕೇಳಿಸಲು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಬಾನೆಟ್ಟಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಇದು ಬೇರಿಂಗ್ ಅಲ್ಲ, ಬೆಲ್ಟು ಎನ್ನುತ್ತಿದ್ದ. ಹಾಗೇ ಇರುತ್ತಿತ್ತು. ಊರಿನವರು ಅವನನ್ನು ಇಷ್ಟಪಡುತ್ತಿದ್ದರು. ನನ್ನನ್ನು ದುಡ್ಡಿನ ಲೆಕ್ಕಕ್ಕೆ ಇಟ್ಟುಕೊಂಡಿದ್ದರು, ಅಷ್ಟೆ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಈಗ ಆಂಪ್ಲಿಫೈಯರಿನ ಮಾತು. ಈಸೂರಿನ ಕಡೆಯ ರೈತರೊಬ್ಬರು ಹಳೆಯ ಸಣ್ಣ ಕಾರು ತೆಗೆದುಕೊಂಡಿದ್ದರು. ಬೆಂಗಳೂರಿಗೆ ಹೋದಾಗ ಯಾರೋ ಅವರಿಗೊಂದು ಆಂಪ್ಲಿಫೈಯರ್ ಹಿಡಿಸಿ ಕಳಿಸಿದ್ದರು. ಡಬ್ಬಿಯ ಮೇಲೆ ಬೆಂಕಿಯ ಚಿತ್ರ, ಅದರ ಕೆಳಗೆ ಸಾವಿರಗಟ್ಟಲೆ ವ್ಯಾಟ್ ಎಂದು ಬರೆದಿತ್ತು. ಮಂಜ ಅದನ್ನು ತಿರುಗಿಸಿ, ಪಕ್ಕದಲ್ಲಿ ಸಿಕ್ಕಿಸಿದ್ದ ಪುಟ್ಟ ಫ್ಯೂಸನ್ನು ತೋರಿಸಿದ. ಕಾರಿನ ಬ್ಯಾಟರಿ ಹನ್ನೆರಡು ವೋಲ್ಟ್. ಫ್ಯೂಸು ಇಪ್ಪತ್ತೈದು ಆಂಪಿನದು. ಎರಡನ್ನೂ ಗುಣಿಸಿದರೆ ಮುನ್ನೂರು ವ್ಯಾಟ್. ಒಳಗೆ ಹೋಗುವುದೇ ಅಷ್ಟು, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ.

"ಬಾಗ್ಲು ಇಷ್ಟಗಲ ಐತೆ ಗೌಡ್ರೇ," ಎಂದು ಬೆರಳಲ್ಲಿ ಅಳತೆ ತೋರಿಸಿದ. "ಆನೆ ಹೆಂಗೆ ಬಂತು ಹೊರಗೆ?"

ರೈತರು ನಕ್ಕು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ನಮ್ಮಲ್ಲಿದ್ದ ಒಂದು ಸಾಧಾರಣ ಆಂಪ್ ಹಾಕಿಸಿಕೊಂಡು ಹೋದರು. ಹೊಸಬರು ಇದನ್ನು ನೆನಪಿಡಿ. ಡಬ್ಬಿಯ ಮುಖದ ಮೇಲಿನ ಅಂಕಿ ಒಂದು ಚಣದ ಅಬ್ಬರದ್ದು. ಆರ್‌ಎಂಎಸ್ ಎಂದು ಸಣ್ಣ ಅಕ್ಷರದಲ್ಲಿ ಹಿಂದೆ ಬರೆದಿರುವುದೇ ಅದು ದಿನಾ ದುಡಿಯಬಲ್ಲ ಶಕ್ತಿ. ಸಬ್‌ವೂಫರಿನ ಆರ್‌ಎಂಎಸ್‌ಗೂ ಆಂಪಿನ ಆರ್‌ಎಂಎಸ್‌ಗೂ ಹೆಚ್ಚು ಅಂತರ ಇರಬಾರದು, ಎರಡರ ಓಮ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹೊಂದಬೇಕು. ಆಂಪ್ ಸಣ್ಣದಾದರೆ ಗಿರಾಕಿ ಅದನ್ನು ಹಿಂಡಿ ಹಿಂಡಿ ಕೂಗಿಸುತ್ತಾನೆ. ಸದ್ದು ಹರಿದುಹೋಗುತ್ತದೆ, ಕೊನೆಗೆ ಸಬ್ಬಿನ ಕಾಯಿಲ್ ಸುಡುತ್ತದೆ. ವೈರು ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ.

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ? ಗಿರಾಕಿಗಳು ದೊಡ್ಡ ಅಂಕಿ ಕೇಳುತ್ತಾರೆಂದು ಅಂತಹದೇ ಬೆಂಕಿ ಚಿತ್ರದ ಡಬ್ಬಿಗಳನ್ನು ತರಿಸಿ ಶೋಕೇಸಿನಲ್ಲಿಟ್ಟೆ. ಮಂಜ ಬೆಳಿಗ್ಗೆ ಕಸ ಗುಡಿಸುವಾಗ ಡಬ್ಬಿಗಳ ಮುಖವನ್ನು ಗೋಡೆಗೆ ತಿರುಗಿಸಿಡುತ್ತಿದ್ದ. ನಾನು ಬಂದು ಬೀದಿಗೆ ತಿರುಗಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಅದರ ಬಗ್ಗೆ ನಾವು ಒಂದು ಮಾತೂ ಆಡಿಕೊಳ್ಳಲಿಲ್ಲ. ನಾನು ಅಣ್ಣ, ಅದರಿಂದ ಡಬ್ಬಿಗಳು ಬೀದಿಗೇ ಮುಖ ಮಾಡಿಕೊಂಡಿದ್ದವು.

ಸಬ್‌ವೂಫರ್ ಆರಿಸುವುದರಲ್ಲಿ ನಾನು ಮಾಡಿದ ಎಡವಟ್ಟೂ ಒಂದಿದೆ. ಬಳ್ಳಿಗಾವಿಯ ಒಬ್ಬ ಯುವಕ ಮನೆಯ ಹೊಸ ಕಾರು ತಂದು, ಹನ್ನೆರಡು ಇಂಚಿನ ಎರಡು ಸಬ್ ಬೇಕೇ ಬೇಕೆಂದು ಹಟ ಹಿಡಿದ. ಸಣ್ಣ ಕಾರಿಗೆ ಹತ್ತು ಇಂಚಿನದೊಂದು, ಗಾಳಿ ಹೋಗದ ಮುಚ್ಚಿದ ಡಬ್ಬದಲ್ಲಿ ಕೂರಿಸಿದರೆ ಧಾರಾಳ ಸಾಕು. ಮಂಜ ಅದನ್ನೇ ಹೇಳಿದ. ನಾನು ಅವನ ಮಾತನ್ನು ಅಲ್ಲಿಗೇ ತಡೆದು ಎರಡನ್ನೂ ಹಾಕಿಸಿದೆ. ಡಿಕ್ಕಿ ತುಂಬಿಹೋಯಿತು. ವಾರವೂ ಕಳೆದಿರಲಿಲ್ಲ, ಯುವಕನ ಅಪ್ಪ ಕಾರನ್ನು ಅಂಗಡಿಯ ಮುಂದೆ ಅಡ್ಡ ನಿಲ್ಲಿಸಿದರು. ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಒಂದು ಹಿಂಡಿ ಚೀಲ ಕೂತಿತ್ತು.

"ಏನಪ್ಪಾ ಹಾಲೇಶಿ," ಎಂದರು. "ಇನ್ನು ಮೇಲೆ ನನ್ನ ಹೆಂಡ್ತೀನ ಡಿಕ್ಕೀಲಿ ಕೂರ್ಸಬೇಕೋ, ಹಿಂಡೀನೋ? ಅದರಾಗೂ ಜಾಗ ಇಲ್ಲ ಈಗ."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು. ಎರಡೂ ಡಬ್ಬ ಇಳಿಸಿ, ಸೀಟಿನ ಕೆಳಗೆ ಕೂರುವ ತೆಳುವಾದ ಸಬ್ ಹಾಕಿಕೊಟ್ಟೆವು. ಅದರೊಳಗೇ ಆಂಪ್ ಇರುತ್ತದೆ, ಮೊದಲ ಸಲ ಹಾಕಿಸುವವರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಅದೇ ಒಳ್ಳೆಯದು. ಎದೆಗೆ ಗುದ್ದುವುದಿಲ್ಲ, ಆದರೆ ಹಾಡು ತುಂಬಿಕೊಳ್ಳುತ್ತದೆ. ಗಿರಾಕಿ ಬಂದರೆ ಯಾವ ಹಾಡು ಕೇಳುತ್ತೀರಿ ಎನ್ನುವ ಮೊದಲು ಡಿಕ್ಕಿಯಲ್ಲಿ ಏನು ತುಂಬುತ್ತೀರಿ ಎಂದು ಕೇಳಿ.

ಸದ್ದಿನ ಅಬ್ಬರ ಏರುತ್ತ ಹೋದಂತೆ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಕಾರು ಒಯ್ಯಲು ಗಿರಾಕಿ ಒಬ್ಬನೇ ಬರುತ್ತಿರಲಿಲ್ಲ, ಗೆಳೆಯರ ದಂಡು ಕಟ್ಟಿಕೊಂಡು ಬರುತ್ತಿದ್ದ. ಎಲ್ಲ ಗಾಜು ಏರಿಸಿ, ಬಾಗಿಲು ಹಾಕಿ, ಸದ್ದನ್ನು ತುದಿಗೆ ಏರಿಸಬೇಕು. ಹೊರಗೆ ನಿಂತವರಿಗೆ ಹಿಂದಿನ ನಂಬರ್ ಪ್ಲೇಟು ಕುಣಿಯುವುದು ಕಾಣಬೇಕು. ಕುಣಿದರೆ ಚಪ್ಪಾಳೆ. ಆದರೆ ಒಳಗೆ ಕೂತರೆ ಎಲ್ಲೂ ನಡುಕ ಕೇಳಬಾರದು. ಹಾಗೆ ಒಳಗೆ ಕೂತು ನಡುಕ ಹಿಡಿಯಲು ಯಾರಾದರೂ ಬೇಕಲ್ಲ. ನಾನು ಮಂಜನನ್ನು ಕೂರಿಸಿದೆ. ಚಂದ್ರಪ್ಪ ಮೇಸ್ತ್ರಿ ಬೇಡವೆಂದಿದ್ದ ಕೆಲಸ ಎಂದು ಅವನು ಮೊದಲು ನೆನಪಿಸಿದ. ಮೇಸ್ತ್ರಿ ಕಾಲದ ಸ್ಪೀಡು ಇಟ್ಟುಕೊಂಡರೆ ಈಗ ಊಟಕ್ಕೆ ಗತಿಯಿರುವುದಿಲ್ಲ ಎಂದೆ. ಅವನು ಹೋಗಿ ಕೂತ.

ಗಾಜಿನ ಆಚೆ ಅವನು ಬಾಯಿ ಸ್ವಲ್ಪ ತೆರೆದುಕೊಂಡು, ತಲೆ ವಾರೆ ಮಾಡಿ ಕೂತಿರುತ್ತಿದ್ದ. ಆಗಾಗ ಬೆರಳು ತೋರಿಸುತ್ತಿದ್ದ. ಎಡಬಾಗಿಲು, ಕನ್ನಡಿ, ಮೇಲಿನ ಲೈಟು. ನಾನು ಹೊರಗೆ ನಿಂತು ಗಿರಾಕಿಗಳಿಗೆ ಅವನನ್ನು ತೋರಿಸುತ್ತಿದ್ದೆ. ತಮ್ಮ ಒಳಗೆ, ನಾನು ಹೊರಗೆ. ಆ ಎಲ್ಲ ವರ್ಷಗಳಲ್ಲಿ ಒಂದು ಸಲವಾದರೂ ಜಾಗ ಬದಲಾಯಿಸಿದ ನೆನಪು ನನಗಿಲ್ಲ.

ನನಗೆ ಗೊತ್ತಾದದ್ದು ಸೊರಬದ ಒಬ್ಬ ನರ್ಸಮ್ಮನ ಕಾರಿನಿಂದ. ಸ್ಪೀಕರಿನಲ್ಲಿ ಸೀಟಿ ಊದಿದಂತೆ ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸೀಟಿಯೂ ಏರುತ್ತದೆ ಎಂದು ಅವರು ಬಂದರು. ಇದು ಸಾಮಾನ್ಯ ತೊಂದರೆ. ಆಂಪಿನ ಅರ್ಥ್ ವೈರನ್ನು ಬಣ್ಣ ಕೆರೆಯದೆ ಕಾರಿನ ತಗಡಿಗೆ ಕಟ್ಟಿದರೆ, ಎಂಜಿನ್ನಿನ ಜೊತೆ ತಿರುಗಿ ಬ್ಯಾಟರಿ ತುಂಬುವ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಗ್ಗುತ್ತದೆ. ಹಿಂದೆ ಅಂತಹ ಸೀಟಿಯನ್ನು ರಸ್ತೆಯ ಆಚೆಯಿಂದಲೇ ಕೇಳಿಸಿಕೊಳ್ಳುತ್ತಿದ್ದವನು ಮಂಜ. ಅವತ್ತು ಒಳಗೆ ಕೂತು ಎಂಜಿನ್ ಏರಿಸಿ ಇಳಿಸಿ, ಏನೂ ಇಲ್ಲವಲ್ಲ ಮೇಡಂ ಎಂದ. ನರ್ಸಮ್ಮ ನನ್ನ ಮುಖ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ನನಗೇ ಸೀಟಿ ಸ್ಪಷ್ಟವಾಗಿ ಕೇಳುತ್ತಿತ್ತು.

ಏನೋ ತರಲು ಮಂಜನನ್ನು ಹೊರಗೆ ಕಳಿಸಿದೆ. ಬಣ್ಣ ಕೆರೆದು ವೈರು ಬಿಗಿದು, ನಟ್ಟು ಸಡಿಲವಾಗಿತ್ತು ಎಂದು ನರ್ಸಮ್ಮನಿಗೆ ಹೇಳಿದೆ. ಅವರು ಕಾರು ಹತ್ತುವಾಗ ದನಿ ತಗ್ಗಿಸಿದರು.

"ನಿಮ್ಮ ತಮ್ಮಂಗೆ ಕಿವಿ ತೋರಿಸ್ರೀ. ಸಣ್ಣ ಸದ್ದೇ ಮೊದಲು ಹೋಗೋದು. ದೊಡ್ಡದು ಕೇಳ್ತಾ ಇರ್ತದೆ, ಅದ್ರಿಂದ ಗೊತ್ತಾಗಲ್ಲ."

ಆಯಿತು ಎಂದೆ. ಮಾರನೆಯ ದಿನ ಮಂಜ ಮತ್ತೆ ಗಾಜು ಏರಿಸಿದ ಕಾರಿನಲ್ಲಿ ಕೂತಿದ್ದ.

ಅದಾದ ಮೇಲೆ ಅವನ ಕೆಲಸದ ರೀತಿ ಬದಲಾದದ್ದನ್ನು ಗಮನಿಸಿದೆ. ನಡುಕ ಹುಡುಕುವಾಗ ತಲೆ ವಾರೆ ಮಾಡುವುದನ್ನು ಬಿಟ್ಟು ಅಂಗೈಯನ್ನು ಹಲಗೆಗೆ ಒತ್ತಿ, ಮೆಲ್ಲಗೆ ಸರಿಸುತ್ತ ಹೋಗುತ್ತಿದ್ದ. ಕಿವಿಗೆ ಸಿಗದ್ದನ್ನು ಕೈಯಲ್ಲಿ ಹುಡುಕುತ್ತಿದ್ದ. ಅದು ನನಗೆ ಅರ್ಥವಾಯಿತು. ಅರ್ಥವಾಗಿಯೂ ನಾನು ಗಿರಾಕಿಗಳ ಮುಂದೆ, ನೋಡ್ರಿ, ನಮ್ಮ ಮಂಜ ಕೈಯಲ್ಲೇ ಕೇಳ್ತಾನೆ, ಎಂದು ಹೆಚ್ಚುಗಾರಿಕೆ ಮಾಡಿಕೊಂಡೆ. ಅವರು ಗಾಜಿಗೆ ಮುಖ ಒತ್ತಿ ನೋಡಿದರು. ಅವನು ಒಳಗಿನಿಂದ ನಮ್ಮನ್ನು ನೋಡಿ ನಕ್ಕ. ನಾವು ಏನು ಹೇಳಿದೆವೆಂದು ಅವನಿಗೆ ಕೇಳಿರಲಿಲ್ಲ.

ಒಂದು ದಿನ ಅಂಗಡಿಯ ಬಾಗಿಲು ಎಳೆಯುವಾಗ ಅವನೇ ಬಾಯಿ ಬಿಟ್ಟ.

"ಅಣ್ಣ, ಕಿವಿಯೊಳಗೆ ಜೀರುಂಡೆ ಕೂತಂಗೆ ಆಗ್ತದೆ. ಮಲಗಿದ್ರೂ ಬಿಡಲ್ಲ."

ಎಣ್ಣೆ ಬಿಟ್ಟುಕೋ, ಕಸ ಕಟ್ಟಿರಬೇಕು ಎಂದೆ. ಮರುದಿನ ನಾನೇ ಮನೆಯಿಂದ ಎಣ್ಣೆ ತಂದುಕೊಟ್ಟೆ. ಅಷ್ಟು ಅಕ್ಕರೆ ತೋರಿಸಿದೆ.

ಆಮೇಲೆ ಅವನ ಹೆಂಡತಿ ಗಿರಿಜ ಅಂಗಡಿಗೆ ಬಂದಳು. ನಮ್ಮ ಮನೆಯ ಹೆಣ್ಣುಮಕ್ಕಳು ಅಂಗಡಿಗೆ ಬಂದು ಮಾತಾಡುವವರಲ್ಲ. ಅವಳು ಸೊರಬದವಳು, ಮೆಲುಮಾತಿನವಳು. ಮೆಟ್ಟಿಲ ಮೇಲೆ ನಿಂತುಕೊಂಡೇ ಕೇಳಿದಳು.

"ಭಾವ, ಮನೇಲಿ ಕರೆದ್ರೆ ಇವ್ರಿಗೆ ಕೇಳಲ್ಲ. ಗಲ್ಲಾದಾಗೆ ನೀವು ಸ್ವಲ್ಪ ದಿನ ಇವ್ರನ್ನ ಕೂರ್ಸಿ, ಕಾರೊಳಗೆ ನೀವು ಕೂರಕ್ಕಾಗಲ್ವಾ?"

ಗಲ್ಲಾಕ್ಕೆ ಲೆಕ್ಕ ಗೊತ್ತಿರಬೇಕಮ್ಮ ಎಂದೆ. ಮಂಜ ನನಗಿಂತ ಎರಡು ತರಗತಿ ಕಡಿಮೆ ಓದಿದವನು. ನಾನೇನು ಪಂಡಿತನಾಗಿರಲಿಲ್ಲ. ಅವಳು ಇಳಿದು ಹೋದಳು. ಅವತ್ತಿನಿಂದ ಅವಳು ನನ್ನ ಮುಖ ನೋಡಿ ಮಾತಾಡಿದ್ದು ಕಡಿಮೆ.

ಅವನು ಕೂರಲೇಬೇಕು ಎಂಬ ಅನಿವಾರ್ಯವೂ ಇರಲಿಲ್ಲ. ಅಷ್ಟು ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಕ್ಯಾಸೆಟ್ ಹೋಗಿ ಸಿ.ಡಿ., ಅದೂ ಹೋಗಿ ಪೆನ್ ಡ್ರೈವ್, ಆಮೇಲೆ ಟಚ್ ಸ್ಕ್ರೀನು. ಆಂಪಿನ ಗೇನ್ ಎಂಬ ತಿರುಗಣಿಯನ್ನು ಎಲ್ಲರೂ ಸದ್ದು ಏರಿಸುವ ಗುಂಡಿ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಸ್ಟೀರಿಯೊದಿಂದ ಬರುವುದಕ್ಕೆ ಆಂಪನ್ನು ಹೊಂದಿಸುವುದು ಅದರ ಕೆಲಸ. ಪೆನ್ ಡ್ರೈವಿನಲ್ಲಿ ಒಂದೇ ಸ್ವರ ಹಾಕಿ, ಸ್ಪೀಕರ್ ಬಿಚ್ಚಿಟ್ಟು, ಆಂಪಿನ ತುದಿಗೆ ವೋಲ್ಟ್ ಅಳೆಯುವ ಮೀಟರ್ ಹಿಡಿದರೆ ಎಷ್ಟಕ್ಕೆ ನಿಲ್ಲಿಸಬೇಕೆಂದು ಅಂಕಿಯೇ ಹೇಳುತ್ತದೆ. ಯಾರ ಕಿವಿಯೂ ಬೇಡ. ನಡುಕ ಹಿಡಿಯಲು ಮೇಸ್ತ್ರಿಯ ಗೆಣ್ಣು ಇತ್ತು. ಕಿವಿಗೆ ಹಾಕುವ ರಬ್ಬರಿನ ಬಿರಡೆಯಾದರೂ ಇತ್ತು. ಮೀಟರ್ ನನ್ನ ಡ್ರಾಯರಿನಲ್ಲೇ ಬಿದ್ದಿತ್ತು, ಬ್ಯಾಟರಿ ನೋಡಲು ಮಾತ್ರ ತೆಗೆಯುತ್ತಿದ್ದೆ. ಮೀಟರ್ ಹಿಡಿದು ಕೂತರೆ ನೋಡಲು ಯಾರು ಬರುತ್ತಾರೆ? ಜನ ಬರುತ್ತಿದ್ದದ್ದು ಮಂಜ ಒಳಗೆ ಕೂರುವುದನ್ನು ನೋಡಲು.

ರಸ್ತೆಯಲ್ಲಿ ನಡೆಯುತ್ತಿದ್ದ ಮಂಜನನ್ನು ಎದುರಿನ ಗ್ಯಾರೇಜಿನವರು ಹಿಂದಿನಿಂದ ಬಂದ ಟ್ರಾಕ್ಟರಿಗೆ ಸಿಗದಂತೆ ಎಳೆದು ಉಳಿಸಿದ ಮೇಲೆ ನನಗೂ ಹೆದರಿಕೆಯಾಯಿತು. ಡ್ರೈವರ್ ಹಾರನ್ ಬಾರಿಸುತ್ತಲೇ ಇದ್ದನಂತೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಅಲ್ಲಿಯೂ ಅವನು ಗಾಜಿನ ಒಳಗೆ, ನಾನು ಹೊರಗೆ. ಆಮೇಲೆ ಡಾಕ್ಟರು ನನ್ನನ್ನು ಕೇಳಿದರು, ಇವರ ಕೆಲಸ ಏನು, ಜೋರು ಸದ್ದಿನ ಹತ್ತಿರ ಇರುತ್ತಾರಾ? ಮಂಜನಿಗೆ ಆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ. ಅವನು ನನ್ನ ಕಡೆ ನೋಡಿದ, ಅಣ್ಣ ಉತ್ತರ ಹೇಳಲಿ ಎಂಬಂತೆ.

"ಅಂಗಡಿ ಕೆಲಸ ಸರ್," ಎಂದೆ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಎಂದು ಕೇಳಿದರು. ನಮ್ಮ ಅಪ್ಪನಿಗೆ ಕೊನೆಗಾಲದಲ್ಲಿ ಕೇಳಿಸುತ್ತಿರಲಿಲ್ಲ. ಎಲ್ಲ ಮುದುಕರ ಹಾಗೆ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪನಿಗೂ ಹೀಗೇ ಆಗಿತ್ತು ಸರ್, ವಂಶದಲ್ಲೇ ಇದೆ ಎಂದೆ. ಡಾಕ್ಟರು ಅದನ್ನು ಬರೆದುಕೊಂಡರು. ಹೋದದ್ದು ಹೋಯಿತು, ಮರಳಿ ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮೆಷಿನ್ ಬರೆದುಕೊಟ್ಟರು.

ಬಸ್ಸಿನಲ್ಲಿ ಬರುವಾಗ ಮಂಜ ಡಾಕ್ಟರು ಏನಂದರು ಎಂದು ಕೇಳಿದ. ಅವನ ಕಿವಿಗೆ ಬಾಯಿಟ್ಟು, ನಮ್ಮ ವಂಶದ್ದಂತೆ ಎಂದೆ. ಅವನು ತಲೆಯಾಡಿಸಿದ. ನಾನು ಹೇಳಿದ್ದನ್ನೇ ಡಾಕ್ಟರು ಹೇಳಿದ್ದೆಂದು ಅವನು ನಂಬಿದ. ಮನೆಯಲ್ಲಿ, ಅಂಗಡಿಯಲ್ಲಿ, ಕೇಳಿದವರಿಗೆಲ್ಲ ನಾನು ಅದನ್ನೇ ಹೇಳುತ್ತ ಬಂದೆ. ಹೇಳುತ್ತ ಹೇಳುತ್ತ ನನಗೂ ಅದು ಅಭ್ಯಾಸವಾಯಿತು.

ಕೊನೆಗೆ ಮಂಜನೇ ಅಂಗಡಿ ಬಿಟ್ಟ. ಹೆಂಡತಿಯ ಊರಾದ ಸೊರಬಕ್ಕೆ ಹೋಗಿ ಮನೆಯ ಮುಂಭಾಗದಲ್ಲೇ ಹೊಲಿಗೆ ಮೆಷಿನ್ ಇಟ್ಟು, ಆಟೊಗಳಿಗೂ ಕಾರುಗಳಿಗೂ ಸೀಟು ಕವರ್ ಹೊಲಿಯಲು ಶುರು ಮಾಡಿದ. ಆ ಕೆಲಸಕ್ಕೆ ಕಿವಿ ಬೇಡ. ಹೋಗುವ ದಿನ ಶೋಕೇಸಿನ ಡಬ್ಬಿಗಳನ್ನು ಅವನು ಮುಟ್ಟಲಿಲ್ಲ. ಹೋಗಬೇಡ ಎಂದು ನಾನು ಹೇಳಲಿಲ್ಲ. ನನಗೆ ಹಗುರವಾಯಿತು ಎಂದರೆ ನೀವು ನಂಬಬೇಕು. ಕಣ್ಣೆದುರು ಇರುವುದಿಲ್ಲವಲ್ಲ ಎಂಬ ಹಗುರ. ಅವನು ಹೋದ ಮೇಲೆ ಡ್ರಾಯರಿನಿಂದ ಮೀಟರ್ ತೆಗೆದೆ. ಕೆಲಸ ಒಂದೂ ನಿಲ್ಲಲಿಲ್ಲ. ಅದೇ ನನಗೆ ಸಿಕ್ಕ ಶಿಕ್ಷೆ. ಪ್ರತಿ ಕಾರಿಗೆ ಮೀಟರ್ ಹಿಡಿದಾಗಲೂ, ಇದನ್ನು ಆಗಲೇ ಮಾಡಬಹುದಿತ್ತು ಎಂಬುದು ಆ ಅಂಕಿಯಲ್ಲೇ ಕಾಣುತ್ತಿತ್ತು.

ಆಮೇಲಿನ ಕೆಲಸದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಈಗಿನ ಕಾರುಗಳಿಗೆ ಕಂಪನಿಯೇ ಸ್ಕ್ರೀನು ಹಾಕಿ ಕಳಿಸುತ್ತದೆ, ಅದನ್ನು ಬಿಚ್ಚಬಾರದು. ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್ ಕೇಳಿ ತರಿಸಿ. ಬ್ಯಾಟರಿಯಿಂದ ಬರುವ ವೈರಿಗೆ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ, ಅಂದವಾಗಿ ಕಾಣುತ್ತದೆಂದು ಡಿಕ್ಕಿಯಲ್ಲಿ ಹಾಕಬೇಡಿ. ಬ್ಯಾಟರಿಗೂ ಫ್ಯೂಸಿಗೂ ನಡುವೆ ವೈರು ಎಲ್ಲಿ ಉಜ್ಜಿ ಹರಿದರೂ ಅದು ಬೆಂಕಿಯೇ. ಅಪಾಯ ಎಲ್ಲಿಂದ ಹೊರಡುತ್ತದೋ ಅಲ್ಲೇ ಕಾವಲು ಇರಬೇಕು. ವೈರಿನ ವಿಷಯದಲ್ಲಿ ನಾನು ಇದನ್ನು ಎಂದೂ ತಪ್ಪಿಸಲಿಲ್ಲ.

ಮಂಜನ ಮಗಳು ಸುಧಾ ಬಾಣಂತನಕ್ಕೆ ಸೊರಬಕ್ಕೆ ಬಂದಿದ್ದಾಳೆಂದು ತಿಳಿದು, ಮಗುವನ್ನು ನೋಡಲು ಇತ್ತೀಚೆಗೆ ಹೋಗಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೊಲಿಗೆ ಮೆಷಿನ್ನಿನ ಮೇಲೆ ಅರ್ಧ ಹೊಲಿದ ಸೀಟು ಕವರ್ ಹಾಗೇ ಬಿದ್ದಿತ್ತು. ಒಳಗಿನ ಕೋಣೆಯಲ್ಲಿ ಹೆಣ್ಣುಮಗು ಚಾಪೆಯ ಮೇಲೆ ಮಲಗಿತ್ತು. ಮಂಜ ಅದರ ತಲೆಯ ಹಿಂದೆ ಮಂಡಿಯೂರಿ ಕೂತು, ಸ್ಟೀಲ್ ಲೋಟಕ್ಕೆ ಚಮಚದಿಂದ ತಟ್ಟುತ್ತಿದ್ದ. ಎಡಗಿವಿಯ ಕಡೆ ತಟ್ಟುವುದು, ಮಗುವಿನ ಮುಖ ನೋಡುವುದು. ಬಲಗಿವಿಯ ಕಡೆ ತಟ್ಟುವುದು, ಮತ್ತೆ ನೋಡುವುದು. ಹೊಟ್ಟೆ ತುಂಬಿ ಮಲಗಿದ್ದ ಮಗು ಅಲುಗಲಿಲ್ಲ.

"ದಿನಾ ಇದೇ ಭಾವ," ಎಂದಳು ಗಿರಿಜ. "ಆಸ್ಪತ್ರೇಲಿ ಕಿವಿ ಸರಿ ಐತೆ ಅಂದಾರೆ. ನಂಬಲ್ಲ. ಈಗ ಇರ್ತದೆ, ಆಮೇಲೆ ಹೋಗ್ತದೆ, ನಮ್ಮ ವಂಶದ್ದು ಅಂತಾರೆ. ಒಂದೇ ಸಾಕು, ಇನ್ನೊಂದು ಬೇಡ ಅಂತ ಸುಧಾಗೂ ಹೇಳಿಬಿಟ್ಟಾರೆ."

ಸುಧಾ ಗೋಡೆಗೆ ಮುಖ ತಿರುಗಿಸಿ ಕೂತಿದ್ದಳು. ಮಂಜ ನನ್ನನ್ನು ಕಂಡು, ಬಾ ಎಂದು ತಲೆಯಲ್ಲೇ ಕರೆದು, ಲೋಟವನ್ನು ಇನ್ನೊಮ್ಮೆ ತಟ್ಟಿದ. ಮಗುವಿನ ಕಡೆ ಗದ್ದ ಎತ್ತಿ ತೋರಿಸಿದ. ನೋಡಿದೆಯಾ, ಎಂಬಂತೆ. ನನ್ನ ಸುಳ್ಳು ಅಲ್ಲಿಗೆ ಬಂದು ತಲುಪಿತ್ತು. ನಾನು ಡಾಕ್ಟರ ಮುಂದೆ ಬಿಟ್ಟ ಒಂದು ಮಾತು, ಇನ್ನೂ ಹೆಸರಿಡದ ಮಗುವಿನ ತಲೆಯ ಹತ್ತಿರ ಮಂಡಿಯೂರಿ ಕೂತಿತ್ತು.

ಅವನ ಎದುರು ಕೂತೆ. ಅದು ನಮ್ಮ ವಂಶದ್ದಲ್ಲ ಮಂಜ ಎಂದೆ. ನನ್ನ ಗಂಟಲಿನಿಂದ ಹೊರಟದ್ದು ನನಗೇ ಸರಿಯಾಗಿ ಕೇಳಲಿಲ್ಲ. ಅವನು ಕಿವಿಯ ಹಿಂದೆ ಕೈಯಿಟ್ಟುಕೊಂಡ.

"ಏನಂದಿ?"

ಇನ್ನೊಮ್ಮೆ ಹೇಳಿದೆ. ಅವನು ಕಿವಿಯ ಮೆಷಿನ್ನನ್ನು ಒತ್ತಿ ತಿರುವಿ, ಇಲ್ಲವೆಂದು ತಲೆಯಾಡಿಸಿದ. ಕೇಳುತ್ತಿಲ್ಲ. ಮೆಲ್ಲಗೆ ಹೇಳಿ ಮುಗಿಸುವ ದಾರಿಯನ್ನು ನಾನೇ ಹಾಳು ಮಾಡಿಟ್ಟಿದ್ದೆ. ಬೀದಿಯ ಬಾಗಿಲು ತೆರೆದಿತ್ತು. ಸೀಟು ಹೊಲಿಸಲು ಬಂದ ಆಟೊದವರು ಜಗಲಿಯಲ್ಲಿ ಕೂತಿದ್ದರು.

"ಅದು ವಂಶದ್ದಲ್ಲ ಮಂಜ," ಎಂದು ಕೂಗಿದೆ. "ಕಾರೊಳಗೆ ಕೂರ್ಸಿ ಕೂರ್ಸಿ ನಾನೇ ಹಾಳು ಮಾಡಿದ್ದು. ನಂಗೆ ಗೊತ್ತಿತ್ತು. ಡಾಕ್ಟ್ರು ಕೇಳಿದ್ರು, ನಾನು ಹೇಳ್ಲಿಲ್ಲ. ವಂಶ ಅಂದಿದ್ದು ಅವರಲ್ಲ, ನಾನು."

ಮಗು ಬೆಚ್ಚಿಬಿತ್ತು. ಎರಡೂ ಕೈಗಳನ್ನು ಗಾಳಿಗೆ ಚೆಲ್ಲಿ, ಮುಖ ಕೆಂಪು ಮಾಡಿಕೊಂಡು ಕಿರುಚಿತು. ಸುಧಾ ಎತ್ತಿಕೊಳ್ಳಲು ಬಂದಳು. ಮಂಜ ಕೈ ಅಡ್ಡ ಹಿಡಿದು ಅವಳನ್ನು ತಡೆದ. ಅವನಿಗೆ ಆ ಅಳು ಎಷ್ಟು ಕೇಳಿತೋ ಗೊತ್ತಿಲ್ಲ. ತೆರೆದ ಬಾಯಿಯನ್ನೂ ನಡುಗುವ ಮುಷ್ಟಿಗಳನ್ನೂ ನೋಡುತ್ತಿದ್ದ. ಚಮಚವನ್ನು ಲೋಟದೊಳಗೆ ಹಾಕಿ ಪಕ್ಕಕ್ಕಿಟ್ಟ. ಆಮೇಲೆ ನನ್ನನ್ನು ನೋಡಿದ. ಗಾಜಿನೊಳಗಿನಿಂದ ನೋಡುತ್ತಿದ್ದವನ ಮುಖ ಅದಾಗಿರಲಿಲ್ಲ. ಗಿರಿಜ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳೂ ಬಹಳ ವರ್ಷಗಳ ಮೇಲೆ ನೇರವಾಗಿ ನನ್ನ ಮುಖ ನೋಡುತ್ತಿದ್ದಳು.

ಮಂಜ ಕಣ್ಣನ್ನು ಮಗುವಿನ ಕಡೆ ತಿರುಗಿಸಿದ.

"ಇನ್ನೊಂದ್ಸಲ ಹೇಳು," ಎಂದ.

ಮಗು ಬೆಚ್ಚುವುದನ್ನು ಇನ್ನೊಮ್ಮೆ ನೋಡಲು ಹಾಗೆಂದನೋ, ನಾನು ಹೇಳುವುದನ್ನು ಇನ್ನೊಮ್ಮೆ ಕೇಳಲು ಹಾಗೆಂದನೋ, ನಾನು ಕೇಳಲಿಲ್ಲ. ಜಗಲಿಯವರಿಗೂ ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಗೊತ್ತಿದ್ದೂ ಮಾಡ್ದೆ ಮಂಜ. ನಂದು ತಪ್ಪಾಯ್ತು."